ಪಟ್ಟಿಗೆ ಬರೆಸದ ಸಾಲ

(ಉಡುತಡಿಯ ರೈತರ ಸಭೆಯಲ್ಲಿ ಆಡಿದ ಮಾತು)



ಸಾಲದ ಪಟ್ಟಿ ಬರೆಯುವಾಗ ನಾವು ಏನೇನು ಬರೆಸುತ್ತೇವೆ? ಗೊಬ್ಬರ, ಬೀಜ, ಬೋರು, ಟ್ರ್ಯಾಕ್ಟರ್ ಕಂತು, ಮಗಳ ಮದುವೆ. ಹೋದ ತಿಂಗಳು ನನ್ನ ತಮ್ಮ ತನ್ನ ಸಾಲ ಬರೆಸ್ತಾ ಕೂತಿದ್ದ. ಎಲ್ಲ ಮುಗಿದ ಮೇಲೆ ಇಪ್ಪತ್ತೆರಡು ಸಾವಿರ ಕೈಗಡ ಉಳಿಯಿತು. ಇದು ಯಾತರದ್ದೋ ಅಂದೆ. "ಅದನ್ನ ಬರೀಬ್ಯಾಡ ಅಣ್ಣಾ, ಅದು ಬೆಳೆ ಸಾಲ ಅಲ್ಲ" ಅಂದ.

ಅದು ಅವನ ಮಗಳು ಆಟೋದಿಂದ ಬಿದ್ದಾಗ ಆಸ್ಪತ್ರೆಗೆ ಕಟ್ಟಿದ ದುಡ್ಡು.

ಆ ಹುಡುಗಿಗೆ ಹುಟ್ಟಿದಾಗಿನಿಂದ ಕೈಕಾಲು ಸ್ವಾಧೀನದಲ್ಲಿಲ್ಲ. ಬುದ್ಧಿ ಚುರುಕು, ಮಗ್ಗಿ ಹೇಳಿದರೆ ನಾನು ಸೋಲಬೇಕು. ಐದನೇ ಕ್ಲಾಸಿನ ತನಕ ಶಾಲೆ ಊರಲ್ಲೇ ಇತ್ತು, ತಾಯಿ ಸೊಂಟದ ಮೇಲೆ ಹೊತ್ತು ಬಿಟ್ಟು ಬರ್ತಿದ್ದಳು. ಹನ್ನೊಂದು ವರ್ಷದ ಮಗುವನ್ನು ಎಷ್ಟು ದಿನ ಹೊರೋದ್ರಿ? ಆರನೇ ಕ್ಲಾಸು ಪಕ್ಕದೂರಲ್ಲಿ. ಬಸ್ಸಿನ ಮೊದಲ ಮೆಟ್ಟಿಲು ನಮಗೇ ಮೊಣಕಾಲೆತ್ತರ. ಅವಳನ್ನು ಎತ್ತಿ ಹತ್ತಿಸುವಷ್ಟರಲ್ಲಿ ಸೀಟಿ ಊದಿ ಆಗಿರುತ್ತಿತ್ತು. ಕೊನೆಗೆ ಆಟೋ ಗೊತ್ತು ಮಾಡಿದರು. ಹತ್ತು ಮಕ್ಕಳು, ಇವಳು ಅಂಚಿನಲ್ಲಿ. ಹಿಡಿಕೆ ಹಿಡಿಯಲು ಬೆರಳಿಗೆ ಬಲವಿಲ್ಲ. ಕೆರೆ ಏರಿಯ ತಿರುವಿನಲ್ಲಿ ಜಾರಿ ರಸ್ತೆಗೆ ಬಿದ್ದಳು. ಎರಡು ಹಲ್ಲು ಹೋದವು, ಮುಂಗೈ ಮುರಿಯಿತು. ಜೀವ ಉಳಿಯಿತು. ಅವತ್ತಿನಿಂದ ಅವಳು ಶಾಲೆಯ ಮುಖ ನೋಡಿಲ್ಲ.

ನಾವು ಶುಂಠಿ ಚೀಲವನ್ನು ಲಾರಿಗೆ ಹೇರಿದರೆ ನಾಲ್ಕು ಸುತ್ತು ಹಗ್ಗ ಬಿಗಿದು, ಗಂಟು ಎಳೆದು ನೋಡಿ ಕಳಿಸುತ್ತೇವೆ. ಆ ಮಗುವಿಗೆ ಒಂದು ಪಟ್ಟಿ ಕಟ್ಟಬೇಕು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಕಾನೂನಿನ ಮಾತು. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂದು ನಮ್ಮ ರಾಜ್ಯದ ಶಿಕ್ಷಣ ಹಕ್ಕು ನಿಯಮ ಹೇಳುತ್ತದೆ. ಆ ಮೂರು ಕಿಲೋಮೀಟರ್ ಯಾರ ಕಾಲಿನ ಅಳತೆ? ಅಕ್ಕಮಹಾದೇವಿ ಈ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು ಅಂತ ಎದೆಯುಬ್ಬಿಸಿ ಹೇಳ್ತೇವೆ. ನಡೆಯಲಾರದ ಮಗು ಇದೇ ಊರ ಜಗಲಿ ಮೇಲೆ ಕೂತಿರುವುದು ನಮ್ಮ ಕಣ್ಣಿಗೆ ಬೀಳೋದಿಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲೇ, ಶಾಲೆಗೆ ಹೋಗಲು ವಾಹನ ಸೌಕರ್ಯ ಇಲ್ಲವೇ ಹೆತ್ತವರಿಗೆ ಹಣದ ನೆರವು ಎಂದು ಬರೆದಿತ್ತು. ಅದರ ಜಾಗಕ್ಕೆ 2016ರ ಕಾಯ್ದೆ ಬಂತು. ಅದರ 16ನೇ ಕಲಮು ಸರ್ಕಾರದ ಹಣ ಪಡೆಯುವ, ಸರ್ಕಾರದ ಮಾನ್ಯತೆ ಇರುವ ಶಾಲೆಗಳ ಮಾತಾಡುತ್ತದೆ. ಅಂಗವಿಕಲ ಮಗುವಿಗೆ ಸಾರಿಗೆ ಕೊಡಬೇಕು, ಹೆಚ್ಚಿನ ಆಸರೆ ಬೇಕಾದ ಮಗುವಾದರೆ ಜೊತೆಗೆ ಹೋಗುವವರಿಗೂ ಕೊಡಬೇಕು ಅನ್ನುತ್ತದೆ. 31ನೇ ಕಲಮಿನ ಪ್ರಕಾರ 6ರಿಂದ 18 ವರ್ಷದ ತನಕ, ಶೇ. 40ಕ್ಕೆ ಕಡಿಮೆಯಿಲ್ಲದ ಊನ ಇರುವ ಮಗುವಿಗೆ ಉಚಿತ ಶಿಕ್ಷಣ. ಇದು ಯಾರೋ ಸಾಹೇಬರು ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ ಕಣ್ರೀ.

ದುಡ್ಡಿನ ಲೆಕ್ಕ ಹೇಳ್ತೇನೆ, ನಮಗೆ ಅದು ಬೇಗ ಅರ್ಥವಾಗುತ್ತೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಇಟ್ಟಿದ್ದಾರೆ. ಆರರಿಂದ ಎಂಟನೇ ತರಗತಿಗೆ ಶಾಲೆ ನಡೆಯಬೇಕಾದದ್ದು 220 ದಿನ. ಭಾಗಿಸಿ ನೋಡಿ, ದಿನಕ್ಕೆ 16 ರೂಪಾಯಿಯೂ ಬೀಳುವುದಿಲ್ಲ. ಅದೂ ಬರೀ ವಾಹನಕ್ಕಲ್ಲ. ಸಾಧನ, ಪುಸ್ತಕ ಎಲ್ಲ ಅದರಲ್ಲೇ. ನನ್ನ ತಮ್ಮ ಒಬ್ಬಳಿಗೇ ಅಂತ ಆಟೋ ಕೇಳಿದರೆ ತಿಂಗಳಿಗೆ 1,500 ಅಂದರು, ಹತ್ತು ತಿಂಗಳಿಗೆ 15,000. ತಾಯಿ ತಾನೇ ಕರೆದುಕೊಂಡು ಹೋದರೆ ನಾಟಿಯ ಕಾಲದಲ್ಲಿ ಅರ್ಧ ದಿನದ ಆಳು ತಪ್ಪಿತು. ಮೆಕ್ಕೆಜೋಳದ ದರ ಬಿದ್ದ ವರ್ಷ ಮನೆಯಲ್ಲಿ ಮೊದಲು ನಿಲ್ಲುವ ಖರ್ಚು ಯಾವುದು? ಇದೇ. ಅದು ಹೆಣ್ಣು ಮಗುವಾದರಂತೂ ಕೇಳಬೇಡಿ.

"ಮನೆಗೇ ಬಂದು ಕಲಿಸ್ತಾರಲ್ಲ" ಅಂತ ಕೆಲವರು ಹೇಳ್ತಾರೆ. ತೀವ್ರ ಊನ ಇರುವ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಅವಕಾಶವನ್ನು 2012ರ ತಿದ್ದುಪಡಿ ಕೊಟ್ಟದ್ದು ನಿಜ. ಆದರೆ ಆರಿಸಿಕೊಳ್ಳುವ ಹಕ್ಕು ಮಗುವಿನ ಕಡೆಯವರದು. ವ್ಯಾನು ಇಲ್ಲ ಅನ್ನೋದಕ್ಕೆ ಅದನ್ನು ನೆಪ ಮಾಡಬಾರದು. ನನ್ನ ತಮ್ಮನ ಮಗಳಿಗೆ ಬೇಕಾದದ್ದು ಪಾಠ ಮಾತ್ರ ಅಲ್ಲ, ಜೊತೆಯವರ ಗಲಾಟೆ ಬೇಕು.

ಹಾಗಾದರೆ ಏನು ಕೇಳಬೇಕು? ದೊಡ್ಡ ಬಸ್ಸು ಕೇಳಬೇಡಿ. ಮೂರು-ನಾಲ್ಕು ಊರಿಗೆ ಸೇರಿ ಒಂದು ವ್ಯಾನು ಸಾಕು. ಅದರಲ್ಲಿ ಸೊಂಟಕ್ಕೂ ಎದೆಗೂ ಬೆಲ್ಟು, ಹತ್ತಿಸಲು ಒಂದು ಹಲಗೆ, ಜೊತೆಗೆ ಒಬ್ಬ ಆಯಾ. ಗಾಲಿಕುರ್ಚಿಯಾದರೆ ಕುರ್ಚಿಯನ್ನು ವ್ಯಾನಿಗೆ ಬೇರೆ ಬಿಗಿಯಬೇಕು, ಮಗುವಿಗೆ ಬೇರೆ ಬೆಲ್ಟು, ಮುಖ ಮುಂದಕ್ಕೆ. ಅಲ್ಲಿವರೆಗೆ ಆಟೋದಲ್ಲೇ ಕಳಿಸುವವರು ಮಗುವನ್ನು ಅಂಚಿಗೂ, ಡ್ರೈವರ್ ಪಕ್ಕಕ್ಕೂ ಕೂರಿಸಬೇಡಿ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಂತೂ ಯಾವ ಮಗುವನ್ನೂ ಹತ್ತಿಸಬೇಡಿ.

ದುಡ್ಡೆಲ್ಲಿ ಅಂತೀರಾ? ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಆ ಹಣ ಎಷ್ಟು, ಎಲ್ಲಿ ಹೋಯಿತು ಅಂತ ಗ್ರಾಮಸಭೆಯಲ್ಲಿ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಚರಂಡಿ ಕೇಳ್ತೇವೆ, ಬೀದಿದೀಪ ಕೇಳ್ತೇವೆ. ಇದನ್ನೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಅರ್ಜಿ ಮೂರು ಪ್ರತಿ ಮಾಡಿ: ಒಂದು ಪಂಚಾಯಿತಿಗೆ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಒಂದು ಶಾಲೆಯ ಎಸ್‌ಡಿಎಂಸಿಗೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಹಿಂದಕ್ಕೆ ಬರಬೇಡಿ. ಅಲ್ಲಿ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಲು ಅದೇ ಸೀಲು ಬೇಕಾಗುತ್ತದೆ.

ನನ್ನ ತಮ್ಮನ ಪಟ್ಟಿಯಲ್ಲಿ ಆ ಇಪ್ಪತ್ತೆರಡು ಸಾವಿರವನ್ನು ನಾನೇ ಬರೆದಿದ್ದೇನೆ, ಗೊಬ್ಬರದ ಸಾಲಿನ ಕೆಳಗೆ. ನಿಮ್ಮ ಊರಲ್ಲಿ ಇಂಥ ಮಗು ಇದ್ದರೆ ಅದರ ಯುಡಿಐಡಿ ಕಾರ್ಡಿನ ಜೆರಾಕ್ಸ್ ಹಿಡಿದು ಭಾನುವಾರ ಸಂಜೆ ನಮ್ಮ ಜಗಲಿಗೆ ಬನ್ನಿ. ಕಾರ್ಡು ಇಲ್ಲದಿದ್ದರೂ ಬನ್ನಿ, ಮೊದಲ ಅರ್ಜಿ ಅದಕ್ಕೇ ಬರೆಯೋಣ.