ತಲಪಾಡಿ ಗೇಟಿನಾಚೆಯ ನಮ್ಮ ಹುಡುಗರು

ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಮಂಗಳೂರಿನಲ್ಲಿ ಪ್ರೆಸ್ ಇಟ್ಟವನು. ಇನ್ನೊಬ್ಬರ ಮಾತನ್ನು ಅಚ್ಚು ಹಾಕುವುದೇ ಕಸುಬು. ಇವತ್ತು ನನ್ನದೊಂದು ಮಾತು ಕೇಳಿ.

2021ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಕೇರಳದಿಂದ ಬರುವವರು 72 ಗಂಟೆಯೊಳಗಿನ ಕೊರೋನಾ ನೆಗೆಟಿವ್ ವರದಿ ತರಬೇಕು. ದಿನಾ ಬಂದುಹೋಗುವ ವಿದ್ಯಾರ್ಥಿಗಳು 15 ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಆ ವರ್ಷ ಒಂದು ಸಂಜೆ ಮಂಜೇಶ್ವರದ ಹುಡುಗನೊಬ್ಬ ಪ್ರೆಸ್ಸಿಗೆ ಬಂದ. ಮನೆಮಾತು ಕನ್ನಡ. ಅವನ ವರದಿಗೆ ಅಂದೇ 15 ದಿನ ತುಂಬಿತ್ತು, ಹೊಸದು ಕೈಸೇರಿರಲಿಲ್ಲ. ಮರುದಿನ ಪರೀಕ್ಷೆ. "ಅಣ್ಣಾ, ತಾರೀಖು ಒಂದು ಬದಲಿಸಿ ಕೊಡಿ" ಅಂದ. ಐದು ನಿಮಿಷದ ಕೆಲಸ. ಮಾಡಲಿಲ್ಲ. ಸುಳ್ಳು ತಾರೀಖಿನ ಹಿಂದೆ ರೋಗವಿದ್ದರೆ ಇಡೀ ತರಗತಿಗೆ, ಅಲ್ಲಿಂದ ಮನೆಮನೆಯ ಅಜ್ಜ ಅಜ್ಜಿಯರಿಗೆ ಹರಡುತ್ತದೆ. ಅವನು ಕಣ್ಣೀರು ತುಂಬಿಕೊಂಡು ಕೇಳಿದ: "ನಾನೂ ಕನ್ನಡದವನೇ ಅಲ್ವಾ?" ಪರೀಕ್ಷೆ ತಪ್ಪಿತು. ನಾನು ಮಾಡಿದ್ದು ಸರಿ. ಆದರೆ ಅವನ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ.

ಯೋಚಿಸಿ. ಮಂಜೇಶ್ವರಕ್ಕೆ ಕಾಸರಗೋಡು ಪೇಟೆಗಿಂತ ಮಂಗಳೂರೇ ಹತ್ತಿರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ನೆಲ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಸೇರಲಿಲ್ಲ. ಭೂಪಟ ಬದಲಾಯಿತು, ಬಸ್ಸು ಆಸ್ಪತ್ರೆ ಕಾಲೇಜು ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ರೋಗಿಗಳು ಸತ್ತರು. ಆ ನಾಚಿಕೆ ನಮ್ಮದೂ ಹೌದು.

ತಪಾಸಣೆ ಬೇಡ ಅನ್ನುತ್ತಿಲ್ಲ. ಆ ನಿಯಮ ಈಗ ಇಲ್ಲ. ಆದರೆ 2023ರ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಕಡೆ ನಿಫಾ ಬಂದಾಗ ಗಡಿಯಲ್ಲಿ ಮತ್ತೆ ತಪಾಸಣೆ ಶುರುವಾಯಿತು. ಮುಂದೆಯೂ ಆಗುತ್ತದೆ. ಆದ್ದರಿಂದ ಈಗಲೇ ಕೇಳಿ: ವರದಿ ಕೇಳುವ ಸರ್ಕಾರ ಗಡಿಯಲ್ಲೇ ಉಚಿತ ಪರೀಕ್ಷೆ ಇಡಲಿ. ಗೇಟಿನಲ್ಲಿ ಸಿಕ್ಕಿಕೊಂಡವನಿಗೆ ಕಾಲೇಜು ಮರುಪರೀಕ್ಷೆ ಕೊಡಲಿ. ಆದೇಶ ಮೊದಲು ಕನ್ನಡದಲ್ಲಿ ಬರಲಿ.

ನಿಮಗೂ ಒಂದು ಮಾತು. ತರಗತಿಯಲ್ಲಿ ಆ ಹುಡುಗನನ್ನು "ಕೇರಳದವನು ಬಂದ, ದೂರ ಕೂತ್ಕೋ" ಅನ್ನಬೇಡಿ. ಮಲಯಾಳಿ ಗೆಳೆಯನಿಗೂ ಅನ್ನಬೇಡಿ. ರೋಗಕ್ಕೆ ಭಾಷೆಯಿಲ್ಲ. ಅವನು ಬರಲಾಗದ ದಿನ ನಿಮ್ಮ ನೋಟ್ಸ್ ಕಳಿಸಿ. ಕನ್ನಡಾಭಿಮಾನ ಅಲ್ಲಿಂದ ಶುರುವಾಗಲಿ.

ಸಿರಿಗನ್ನಡಂ ಗೆಲ್ಗೆ!