ಮಾಗಿ ಚಳಿಯ ಪಣ ಮತ್ತು ಬಿಪಿ

ಹೊನ್ನಾಳಿ, ನ್ಯಾಮತಿ ಕಡೆಯ ಕೇಳುಗರ ಕಾಗದಗಳಲ್ಲಿ ಈ ಸಲ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. “ಧನುರ್ಮಾಸ ಮುಗಿಯುವ ತನಕ ದಿನಾ ನಸುಕಿಗೆ ತುಂಗಭದ್ರೆಯಲ್ಲಿ ಮುಳುಗುತ್ತೇವೆ, ಮೆಚ್ಚಿದವರಿಂದ ಹಣ ಕೂಡಿಸಿ ಡಿಮೆನ್ಷಿಯಾ ರೋಗಿಗಳಿಗೆ ಕೊಡುತ್ತೇವೆ. ಚಳಿಯಿಂದ ತೊಂದರೆ ಆದೀತೇ?” ಬ್ರಿಟನ್ನಿನಲ್ಲಿ ಇಂಥ ಪಣ ತೊಡುವವರು ಬಹಳ. ಫೋನಿನಲ್ಲಿ ಅದನ್ನೆಲ್ಲ ನೋಡಿ ನಮ್ಮ ಹುಡುಗರಿಗೂ ಹುಮ್ಮಸ್ಸು ಬಂದಿದೆ. ಬರಲಿ, ನೆನಪು ಕುಂದಿಸುವ ಈ ಕಾಯಿಲೆಯ ಹೆಸರಿನಲ್ಲಿ ನಮ್ಮ ಕಡೆ ಹಣ ಕೂಡುವುದೇ ಅಪರೂಪ.

ಆದರೆ ಹುಡುಗರ ಹಿಂದೆ ಐವತ್ತು ದಾಟಿದ ಅಪ್ಪ, ದೊಡ್ಡಪ್ಪಂದಿರೂ ಹೊಳೆಗಿಳಿಯುತ್ತಾರೆ. ಅವರು ಮೊದಲು ಬಿಪಿ ನೋಡಿಸಬೇಕು. ಮೈಗೆ ಚಳಿ ತಾಗಿದ ಕೂಡಲೇ ಚರ್ಮದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಇರುವ ರಕ್ತ ಅಷ್ಟೇ, ಹರಿಯುವ ದಾರಿ ಕಿರಿದಾಯಿತು, ಒತ್ತಡ ಏರಿತು. ನಿದ್ದೆಯಿಂದ ಎದ್ದ ಹೊತ್ತಿಗೆ ಬಿಪಿ ಹೇಗೂ ಏರುತ್ತಿರುತ್ತದೆ, ಅದರ ಮೇಲೆ ಇದು. ತಣ್ಣೀರಿಗೆ ಧುಮುಕಿದರೆ ನಾವು ಬೇಡವೆಂದರೂ ಉಸಿರು ಒಳಕ್ಕೆ ಎಳೆಯುತ್ತದೆ. ಆ ಗಳಿಗೆಯಲ್ಲಿ ತಲೆ ನೀರೊಳಗಿದ್ದರೆ? ಈಜು ಬಲ್ಲವರೂ ಹೀಗೆ ಸಿಕ್ಕಿಕೊಳ್ಳುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ. ಚಳಿಗೆ ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಗೊತ್ತು, ಒತ್ತಡ ಹೆಚ್ಚಾದರೆ ಮೊದಲು ಕೆಡುವುದು ಸಣ್ಣ ಪೈಪು. ಮಿದುಳಿನ ಒಳಗಿನ ನಾಳಗಳೂ ಬಹಳ ಸಣ್ಣವು. ಬಿಪಿ ವರ್ಷಗಟ್ಟಲೆ ಹಿಡಿತದಲ್ಲಿ ಇಲ್ಲದಿದ್ದರೆ ಅವು ಕೆಡುತ್ತವೆ, ಗೊತ್ತೇ ಆಗದಂತೆ ಸಣ್ಣಸಣ್ಣ ಪಾರ್ಶ್ವವಾಯು ಆಗಿಹೋಗುತ್ತದೆ. ಆಮೇಲೆ ನೆನಪು, ಲೆಕ್ಕ, ಮನೆಯ ದಾರಿ ಒಂದೊಂದೇ ತಪ್ಪುತ್ತದೆ. ನೀವು ಯಾವ ಕಾಯಿಲೆಗೆಂದು ಹಣ ಕೂಡಿಸುತ್ತಿದ್ದೀರೋ ಅದರ ಒಂದು ಬೇರು ನಿಮ್ಮ ಬಿಪಿಯಲ್ಲೇ ಇರಬಹುದು. ಡಿಮೆನ್ಷಿಯಾ ತಡೆಯುವ ಬಗ್ಗೆ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯದ ಅಂಶಗಳಲ್ಲಿ ಹೆಚ್ಚಿದ ಬಿಪಿಯೂ ಇದೆ. “ತಲೆನೋವಿಲ್ಲ ಡಾಕ್ಟ್ರೇ, ಮಾತ್ರೆ ಬಿಟ್ಟೆ” ಎನ್ನುವವರನ್ನು ಕಂಡರೆ ನನ್ನ ತಾಳ್ಮೆ ಕೆಡುತ್ತದೆ. ಬಿಪಿ ಇದ್ದರೆ ತಲೆನೋವು ಬರಲೇಬೇಕು ಅಂತ ಯಾರು ಹೇಳಿದರು?

ಇನ್ನು ಕೆಲವರು, ಅರವತ್ತಾದ ಮೇಲೆ ಅರಳುಮರಳು ಇದ್ದದ್ದೇ, ಅದಕ್ಕೇಕೆ ದೇಣಿಗೆ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ನಮ್ಮ ದೇಶದ ಒಂದು ರಾಷ್ಟ್ರೀಯ ಅಧ್ಯಯನದ ಪ್ರಕಾರ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇಕಡಾ 7.4. ನೂರರಲ್ಲಿ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಇಲ್ಲ ಅಂದಮೇಲೆ ಇದು ವಯಸ್ಸಿನ ಸಹಜ ಗುಣ ಹೇಗಾದೀತು? ಇದು ಕಾಯಿಲೆ. ಇದೇ ಕಾಯಿಲೆ ಬಂದಿದ್ದ ನನ್ನ ಸೋದರತ್ತೆಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಅವರ ಸೊಸೆಗೆ ತವರಿನ ಒಂದು ಮದುವೆಗೂ ಹೋಗಲಾಗಲಿಲ್ಲ. ಅಂಥವರಿಗೆ ಹಗಲಿನಲ್ಲಾದರೂ ಬಿಡುವು ಸಿಗುವಂತೆ ಮಾಡಲು ಹಣ ಬೇಕು.

ಹೊತ್ತು ಮೀರುತ್ತಿದೆ, ಬೇಗ ಹೇಳಿಬಿಡುತ್ತೇನೆ. ಮುಳುಗುವುದಕ್ಕಿಂತ ನಡಿಗೆಯ ಪಣ ಒಳ್ಳೆಯದು. ಐವತ್ತು ದಾಟಿದವರು ಬಿಸಿಲು ಬಂದ ಮೇಲೆ ನಡೆಯಲಿ. ಹೊಳೆಗೇ ಇಳಿಯುವುದಾದರೆ ದಡದಲ್ಲಿ ಒಬ್ಬರು ನಿಂತಿರಲಿ, ಕೈಕಾಲು, ಮುಖ ತೊಯಿಸಿಕೊಂಡು ನಿಧಾನ ಇಳಿಯಿರಿ. ಮೈ ಬೆಚ್ಚಗಾಗಲೆಂದು ಕುಡಿದು ಇಳಿಯುವುದು ಖಂಡಿತ ಬೇಡ. ಕುಡಿದರೆ ಮೈಯ ಶಾಖ ಇನ್ನೂ ಬೇಗ ಹೋಗುತ್ತದೆ. ಕೂಡಿದ ಹಣ ಯಾರ ಜೇಬಿಗೂ ಹೋಗದೆ ನೇರ ಡಿಮೆನ್ಷಿಯಾ ರೋಗಿಗಳಿಗಾಗಿ ದುಡಿಯುವ ಸಂಸ್ಥೆಯ ಖಾತೆಗೆ ಹೋಗಲಿ, ರಸೀದಿ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ 1998ರಿಂದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ. 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್‌ಐ ಇದೆ. ಮನೆಯ ಹಿರಿಯರ ವಿಷಯಕ್ಕೆ ಸಲಹೆ ಬೇಕಿದ್ದರೆ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಪಣ ತೊಡುವ ಮುಂಚೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ, ಮಾತ್ರೆ ಬಿಟ್ಟವರು ಡಾಕ್ಟರನ್ನು ಕಂಡು ಮತ್ತೆ ಶುರುಮಾಡಿ.