ಪೇರಲ ಬುಟ್ಟಿಯ ಲೆಕ್ಕ

(ಸಣ್ಣ ಹಿಡುವಳಿಯ ರೈತ ಕುಟುಂಬಗಳು ಹಾಗೂ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಮಾತುಗಳ ಬರಹರೂಪ)



ನಾನು ಸರಕಾರಿ ಸೇವೆಯಲ್ಲಿ ಕಾಲುವೆ, ಗೇಟು, ಕ್ಯೂಸೆಕ್ಸ್ ಎಂದು ಲೆಕ್ಕ ಹಾಕುತ್ತಲೇ ನಿವೃತ್ತನಾದವನು. ನನ್ನನ್ನು ಹಣ್ಣಿನ ಜಾಮಿನ ಬಗ್ಗೆ ಮಾತಾಡಲು ಯಾಕೆ ಕರೆದರು ಎಂದು ನಿಮಗೆ ಅನ್ನಿಸಬಹುದು. ನನಗೆ ಎರಡೂ ಒಂದೇ ಕೆಲಸ. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುತ್ತಾಳೆ, ಬೇಸಿಗೆಯಲ್ಲಿ ಸೊರಗುತ್ತಾಳೆ. ಅದಕ್ಕೇ ಆಲಮಟ್ಟಿಯಲ್ಲಿ ತಡೆದು ನಿಲ್ಲಿಸಿದೆವು. ಪೇರಲ ಹಣ್ಣೂ ಹಾಗೆಯೇ. ಚಳಿಗಾಲದಲ್ಲಿ ಗಿಡದ ತುಂಬ ಹಣ್ಣು, ಪೇಟೆ ತುಂಬ ಬುಟ್ಟಿ, ಕೇಳುವವರಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳು ಶಾಲೆಗೆ ಹೊರಟಾಗ ಹಣ್ಣೇ ಇಲ್ಲ. ಜಾಮ್ ಎಂದರೆ ಆ ಸುಗ್ಗಿಗೆ ಕಟ್ಟುವ ಒಂದು ಸಣ್ಣ ಅಣೆಕಟ್ಟು.

ಇದು ಹೊಸದೇನಲ್ಲ. ನಮ್ಮ ಅವ್ವಂದಿರು ಮಾವಿನಕಾಯಿ ತುರಿದು ಬೆಲ್ಲ ಹಾಕಿ ಕುದಿಸಿ ಗುಳಂಬ ಮಾಡಿ ಭರಣಿಯಲ್ಲಿ ಇಡುತ್ತಿದ್ದರು. ಬೆಲ್ಲಕ್ಕೆ ದೂರ ಹೋಗಬೇಕಿರಲಿಲ್ಲ, ಮಹಾಲಿಂಗಪುರ ನಮ್ಮ ಜಿಲ್ಲೆಯಲ್ಲೇ ಇದೆ. ನಾವು ಗುಳಂಬ ಬಿಟ್ಟು ಎಲ್ಲಿಂದಲೋ ಬಂದ ಕೆಂಪು ಬಣ್ಣದ ಬಾಟಲಿ ಕೊಳ್ಳಲು ಕಲಿತೆವು.

ಇದರಲ್ಲಿ ಪಣಕ್ಕಿರುವುದು ಬರೀ ರುಚಿಯಲ್ಲ. ಎರಡು ಎಕರೆಯ ಕುಟುಂಬ ಹಣ್ಣನ್ನು ದಲಾಲಿ ಅಂಗಡಿಗೆ ಒಯ್ಯುತ್ತದೆ. ಬಾಡಿಗೆ, ಹಮಾಲಿ, ದಲಾಲಿ ಕಳೆದು ಕೈಗೆ ಬಂದದ್ದು ಹಣ್ಣು ಹರಿದ ಕೂಲಿಗೂ ಸಾಲದಿದ್ದರೆ, ಮುಂದಿನ ವರ್ಷ ಆ ಮನೆಯ ಗಂಡ-ಹೆಂಡತಿ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಬಾದಾಮಿ, ಹುನಗುಂದ ಭಾಗದಲ್ಲಿ ಇಂಥ ಮನೆ ಇಲ್ಲದ ಓಣಿ ಯಾವುದಿದೆ, ನೀವೇ ಹೇಳಿ.

ಯಾವ ಹಣ್ಣು ಹಚ್ಚಬೇಕು? ದಾಳಿಂಬೆ ಒಂದು ಕಾಲಕ್ಕೆ ನಮ್ಮ ಭಾಗಕ್ಕೆ ಹಣ ತಂದಿತು. ಆಮೇಲೆ ದುಂಡಾಣು ಅಂಗಮಾರಿ ರೋಗ ಬಂದು ತೋಟಕ್ಕೆ ತೋಟವೇ ಕಿತ್ತು ಹಾಕಿದರು. ಔಷಧಿ ಅಂಗಡಿಯ ಸಾಲ ಮಾತ್ರ ಉಳಿಯಿತು. ಸಾವಯವದಲ್ಲಿ ಮೊದಲ ಹೆಜ್ಜೆ ಇಡುವವರು ದಾಳಿಂಬೆಯಿಂದ ಶುರು ಮಾಡಬೇಡಿರಿ. ಪೇರಲ ಗಟ್ಟಿ ಗಿಡ. ಏಪ್ರಿಲ್-ಮೇ ತಿಂಗಳಲ್ಲಿ ನೀರು ನಿಲ್ಲಿಸಿ, ಮೃಗಶಿರ ಮಳೆಗೆ ಹೂ ಬರುವಂತೆ ಮಾಡಿದರೆ ಹಣ್ಣು ಚಳಿಗಾಲಕ್ಕೆ ಬರುತ್ತದೆ. ಆಗ ರುಚಿ ಹೆಚ್ಚು, ಹಣ್ಣುನೊಣದ ಕಾಟ ಕಡಿಮೆ. ಉಳಿದ ನೊಣಕ್ಕೆ ಮೀಥೈಲ್ ಯೂಜಿನಾಲ್ ಹಾಕಿದ ಮೋಹಕ ಬಲೆ ಕಟ್ಟಿರಿ, ಬಿದ್ದ ಹಣ್ಣು ಆರಿಸಿ ಹೂಳಿರಿ. ಇದು ಒಬ್ಬನೇ ಮಾಡಿದರೆ ಪ್ರಯೋಜನ ಕಡಿಮೆ, ಪಕ್ಕದ ಹೊಲದವನೂ ಮಾಡಬೇಕು.

ಪೇರಲದ ಜೊತೆ ಬದುವಿಗೆ ಕವಳಿ ಕಂಟಿ, ಬಳವಲ ಗಿಡ, ನೇರಳೆ ಹಚ್ಚಿರಿ. ಇವು ಹೆಚ್ಚು ನೀರು ಬೇಡುವುದಿಲ್ಲ. ಜಾಮ್ ಗಟ್ಟಿಯಾಗಲು ಮೂರು ಬೇಕು: ಪೆಕ್ಟಿನ್ ಎಂಬ ಅಂಟು, ಹುಳಿ, ಸಕ್ಕರೆ. ಕವಳಿ ಮತ್ತು ಬಳವಲದಲ್ಲಿ ಅಂಟೂ ಇದೆ, ಹುಳಿಯೂ ಇದೆ. ಪೇರಲದಲ್ಲಿ ಅಂಟು ಧಾರಾಳ, ಪೂರ್ತಿ ಮಾಗಿದಾಗ ಹುಳಿ ಕಡಿಮೆ, ಅದಕ್ಕೆ ಲಿಂಬೆರಸ. ಚಿಕ್ಕುವಿನಲ್ಲಿ ಎರಡೂ ಕಡಿಮೆ, ಅದನ್ನು ಪೇರಲದ ಜೊತೆ ಬೆರೆಸಿ ಮಾಡಬೇಕು.

ಇನ್ನು ಕುದಿಸುವ ಲೆಕ್ಕ. ಪುಸ್ತಕದಲ್ಲಿ ಜಾಮ್ 105 ಡಿಗ್ರಿಗೆ ಬಂದಾಗ ಇಳಿಸಿ ಎಂದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಹಿನ್ನೀರು ಹಳೆ ಬಾಗಲಕೋಟೆಯ ಮನೆಗಳಿಗೆ ಬಂದದ್ದು ನಮಗೆ ಗೊತ್ತೇ ಇದೆ. ಅಂದರೆ ನಾವು ಇರುವುದು ಅದಕ್ಕಿಂತ ಸ್ವಲ್ಪ ಮೇಲೆ. 300 ಮೀಟರ್ ಏರಿದರೆ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ನೀರು ಕುದಿಯುವುದು 98 ಡಿಗ್ರಿ ಚಿಲ್ಲರೆಗೆ. ನಮ್ಮ ಜಾಮ್ 103ಕ್ಕೇ ಸಿದ್ಧ. 105ರ ತನಕ ಕಾದರೆ ಅದು ಬಾಟಲಿಯಲ್ಲಿ ಕಲ್ಲಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ನೋಡಿಕೊಳ್ಳಿರಿ, ಅದಕ್ಕೆ ಐದು ಡಿಗ್ರಿ ಕೂಡಿಸಿರಿ. ಥರ್ಮಾಮೀಟರ್ ಇಲ್ಲದ ಅಕ್ಕಂದಿರು ಸೌಟಿನಿಂದ ಇಳಿಬಿಟ್ಟು ನೋಡಿರಿ. ಹನಿ ಹನಿಯಾಗಿ ಬೀಳದೆ ಹಾಳೆಯಂತೆ ಜಾರಿದರೆ ಒಲೆ ಆರಿಸಬಹುದು.

ಈಗ ದುಡ್ಡಿನ ಲೆಕ್ಕ. ಇವು ಉದಾಹರಣೆಗೆ ಹಿಡಿದ ದರಗಳು, ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಗುಣಿಸಿರಿ. 10 ಕಿಲೋ ಪೇರಲದಿಂದ ಬೀಜ ತೆಗೆದು 7 ಕಿಲೋ ತಿರುಳು ಬಂತು ಎನ್ನೋಣ. ಕಿಲೋ ತಿರುಳಿಗೆ ಮುಕ್ಕಾಲು ಕಿಲೋದಂತೆ ಸಕ್ಕರೆ 5.25 ಕಿಲೋ. ಪಾತ್ರೆಗೆ ಅಂಟಿದ್ದು ಬಿಟ್ಟು 8 ಕಿಲೋ ಜಾಮ್, ಅಂದರೆ ಕಾಲು ಕಿಲೋದ 32 ಬಾಟಲಿ. ಸುಗ್ಗಿಯಲ್ಲಿ ಪೇಟೆ ಕೊಡುವುದು ಕಿಲೋಗೆ 12 ರೂಪಾಯಿ ಇದ್ದರೆ ಸಂಘ ರೈತನಿಗೆ 25 ಕೊಡಲಿ. ಹಣ್ಣಿಗೆ 250, ಸಕ್ಕರೆಗೆ 236, ಲಿಂಬೆಗೆ 20, ಗ್ಯಾಸಿಗೆ 100, ಇಬ್ಬರು ಅಕ್ಕಂದಿರ ಅರ್ಧ ದಿನದ ಕೂಲಿ 400. ಬಾಟಲಿ, ಮುಚ್ಚಳ, ಲೇಬಲ್ಲು ತಲಾ 14ರಂತೆ 448. ಒಟ್ಟು 1,454, ಬಾಟಲಿಗೆ ಸುಮಾರು 45 ರೂಪಾಯಿ.

ಇದರಲ್ಲಿ ಒಂದು ಅಂಕಿ ಗಮನಿಸಿರಿ. ರೈತ ವರ್ಷವಿಡೀ ಬೆಳೆದ ಹಣ್ಣಿಗೆ 250, ಖಾಲಿ ಬಾಟಲಿಗೆ 448! ದೂರದ ಪೇಟೆಗೆ ಕಳಿಸುವ ಕಂಪನಿಗೆ ಬಾಟಲಿ ಅನಿವಾರ್ಯ. ಹತ್ತಿರ ಮಾರುವ ನಮಗೆ ಅನಿವಾರ್ಯವಲ್ಲ. ಗ್ರಾಹಕರಿಂದ ಬಾಟಲಿ ವಾಪಸು ಪಡೆದು, ತೊಳೆದು, ಕುದಿಸಿ ಮತ್ತೆ ತುಂಬಬಹುದು. ಪ್ರಸಾದ ನಿಲಯಕ್ಕಾದರೆ ಸ್ಟೀಲ್ ಡಬ್ಬಿಯಲ್ಲೇ ಕೊಡಬಹುದು. ಆಗ 8 ಕಿಲೋ ಜಾಮಿನ ಖರ್ಚು 1,006 ರೂಪಾಯಿಗೆ ಇಳಿಯುತ್ತದೆ, ಕಿಲೋಗೆ 126. ಸಣ್ಣ ಕುಟುಂಬದ ಬಲ ಇರುವುದು ಈ ಹತ್ತಿರದಲ್ಲೇ. ಬನಶಂಕರಿಯಲ್ಲಿ ಸುತ್ತಲಿನ ಊರಿನ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಗಡಿಗೆ ಮೊಸರು ಬುಟ್ಟಿಯಲ್ಲಿ ತಂದು ಮಾರುತ್ತಾರಲ್ಲ, ಅವರಿಗೆ ಯಾವ ಜಾಹೀರಾತು ಇದೆ? ಬನದ ಹುಣ್ಣಿಮೆಯ ಜಾತ್ರೆಯೂ ಪೇರಲದ ಸುಗ್ಗಿಯೂ ಒಂದೇ ಕಾಲಕ್ಕೆ ಬರುತ್ತವೆ.

ಕಾಯಿದೆ ಕಡೆಗಣಿಸಬೇಡಿರಿ. ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಜಾಮಿನಲ್ಲಿ ಹಣ್ಣಿನ ಪಾಲು ನೂರಕ್ಕೆ 45ಕ್ಕಿಂತ ಕಡಿಮೆ ಇರಬಾರದು, ಕರಗಿದ ಘನಾಂಶ 65ಕ್ಕಿಂತ ಕಡಿಮೆ ಇರಬಾರದು. ಮೇಲಿನ ಲೆಕ್ಕದಲ್ಲಿ ನಮ್ಮ ಹಣ್ಣಿನ ಪಾಲು 80ರ ಆಸುಪಾಸು ಇದೆ. ಘನಾಂಶ ಅಳೆಯುವ ಕೈ ಉಪಕರಣವನ್ನು ಐದು ಮನೆ ಕೂಡಿ ಒಂದು ಕೊಂಡರೆ ಸಾಕು. ತಾಂತ್ರಿಕ ಸಲಹೆಗೆ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯ ನವನಗರದ ಹತ್ತಿರವೇ ಇದೆ. ಬಾಗಿಲು ತಟ್ಟಲು ಸಂಕೋಚ ಬೇಡ.

‘ಸಾವಯವ’ ಎಂಬ ಮಾತಿನ ಬಗ್ಗೆ ಎಚ್ಚರ ಇರಲಿ. ಐದು ರೈತರು ಗುಂಪು ಕಟ್ಟಿ, ಒಬ್ಬರ ಹೊಲವನ್ನು ಒಬ್ಬರು ನೋಡಿ ಪ್ರಮಾಣೀಕರಿಸುವ ಪಿಜಿಎಸ್ ಪದ್ಧತಿ ನಮ್ಮ ದೇಶದಲ್ಲಿದೆ. ಹಣ್ಣಿನ ಗಿಡಕ್ಕೆ ಪೂರ್ತಿ ಸಾವಯವವೆಂದು ಹೇಳಿಸಿಕೊಳ್ಳಲು ವರ್ಷಗಳೇ ಬೇಕು. ಅಲ್ಲಿಯ ತನಕ ಲೇಬಲ್ಲಿನ ಮೇಲೆ ಆ ಮಾತು ಬರೆಯಬಾರದು. ಆಮೇಲೂ ಸಕ್ಕರೆ ಪೇಟೆಯದಾಗಿದ್ದರೆ ‘ಹಣ್ಣು ಸಾವಯವ, ಸಕ್ಕರೆ ಸಾಮಾನ್ಯ’ ಎಂದೇ ಬರೆಯಿರಿ. ಜಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಸಕ್ಕರೆ ಕಾಯಿಲೆಯವರಿಗೆ ಇದು ಔಷಧಿ ಎಂದು ಯಾರೂ ಹೇಳಿ ಮಾರಬೇಡಿರಿ. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಹೊಸದಲ್ಲ. ಲೇಬಲ್ಲಿನ ಮೇಲೆ ಒಂದು ಮಾತು ಹೆಚ್ಚಿಗೆ ಬರೆಯುವುದೂ ಹೆಚ್ಚಿಗೆ ಅಕ್ಕಿ ತಂದಂತೆಯೇ.

ಕೊನೆಗೆ ಮಠಗಳಲ್ಲಿ ನನ್ನದೊಂದು ಬಿನ್ನಹ. ಇಳಕಲ್ಲಿನ ಲಿಂಗೈಕ್ಯ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಈಗ ಕ್ರೇನಿನಿಂದ ಎತ್ತಿ ಹಾಕಿಸುವ ಸೇಬಿನ ಹಾರವೂ ನಮಗೊಂದು ಚಟವಾಗಿದೆ. ಸೇಬು ನಮ್ಮ ನೆಲದಲ್ಲಿ ಬೆಳೆದದ್ದಲ್ಲ, ಹಾರ ಕಟ್ಟಿದವನಿಗೂ ಅದರಿಂದ ಉಳಿದದ್ದು ಅಷ್ಟಕ್ಕಷ್ಟೆ. ಅದನ್ನು ಜೋಳಿಗೆಗೆ ಹಾಕೋಣ. ಆ ದುಡ್ಡಿನಲ್ಲಿ ಸುಗ್ಗಿಯ ಮೊದಲೇ ಐದೈದು ಕುಟುಂಬಗಳಿಗೆ ‘ಇಷ್ಟು ಡಬ್ಬಿ ಜಾಮ್ ನಮ್ಮ ಪ್ರಸಾದ ನಿಲಯಕ್ಕೆ ಬೇಕು, ಇಷ್ಟು ಮುಂಗಡ’ ಎಂದು ಬರೆದು ಕೊಡೋಣ. ಆ ಚೀಟಿ ಕೈಯಲ್ಲಿದ್ದರೆ ರೈತ ಹೆದರದೆ ಗಿಡ ಹಚ್ಚುತ್ತಾನೆ, ಸಂಘದ ಅಕ್ಕಂದಿರು ಧೈರ್ಯದಿಂದ ಪಾತ್ರೆ ಕೊಳ್ಳುತ್ತಾರೆ.

ಇಂದು ಸಭೆ ಮುಗಿದ ಮೇಲೆ ನಾನು ಇಲ್ಲೇ ಕೂತಿರುತ್ತೇನೆ. ಎಷ್ಟು ಗಿಡ, ಎಷ್ಟು ನೀರು, ಮನೆಯಲ್ಲಿ ಎಷ್ಟು ಕೈ ಎಂದು ಹೇಳಿರಿ, ನಿಮ್ಮ ನಿಮ್ಮ ಲೆಕ್ಕ ಕೂಡಿಯೇ ಹಾಕೋಣ.